ಉ: ಸರಾಸರಿಯೋ, ನಡುವೇಗವೋ? ನಾಳೆಯೇ ಬೇಕು

ಮೇಷ್ಟ್ರೇ, ಮಕ್ಕಳ ಲೆಕ್ಕದ ಚಾರ್ಟಿನಲ್ಲಿ average speedಗೆ ‘ಸರಾಸರಿ’ ಅನ್ನುವ ಪದವೇ ಇರಲೋ, ‘ನಡುವೇಗ’ ಅಂತ ಹೊಸ ಪದ ಹಾಕಲೋ ಅಂತ ಕೇಳಿದ್ದೀರಿ. ಚಾರ್ಟು ನಾಳೆ ಪ್ರಿಂಟಿಗೆ ಹೋಗಬೇಕು ಅಂದಿರಿ, ಅದಕ್ಕೇ ಮೊದಲು ಪದ ಹೇಳಿಬಿಡುತ್ತೇನೆ. ‘ಸರಾಸರಿ ಜವ’ ಅಂತ ಬರೆಯಿರಿ. ‘ನಡುವೇಗ’ ಬೇಡ.

‘ನಡು’ ಅಂದ ಕೂಡಲೇ ಮಕ್ಕಳು ಎರಡೂ ಸಂಖ್ಯೆ ಕೂಡಿ ಅರ್ಧ ಮಾಡುತ್ತಾರೆ. ಕುಶಾಲನಗರದಿಂದ ಮಡಿಕೇರಿಗೆ ಲೆಕ್ಕಕ್ಕೆ 30 ಕಿ.ಮೀ. ಅಂತ ಇಟ್ಟುಕೊಳ್ಳಿ. ಹೋಗುವಾಗ ಏರು, ತಿರುವು, ಮಂಜು ಬೇರೆ, ಗಂಟೆಗೆ 30 ಕಿ.ಮೀ. ಬರುವಾಗ ಇಳಿಜಾರು, 60. ನಡು ಹಿಡಿದರೆ 45. ಆದರೆ ಹೋಗಲು ಒಂದು ಗಂಟೆ, ಬರಲು ಅರ್ಧ ಗಂಟೆ, ಒಟ್ಟು 60 ಕಿ.ಮೀ.ಗೆ ಒಂದೂವರೆ ಗಂಟೆ ಹಿಡಿಯಿತು, ಅಂದರೆ 40 ಅಷ್ಟೇ. ನಿಧಾನ ಹೋದ ಹೊತ್ತೇ ಜಾಸ್ತಿ ಅಲ್ವಾ? ಎರಡರಲ್ಲೂ ಸಮ ಹೊತ್ತು ಓಡಿಸಿದ್ದರೆ ಮಾತ್ರ 45 ಸರಿ. ಸುಂಟಿಕೊಪ್ಪದಲ್ಲಿ ಕಾಫಿಗೆ ಅರ್ಧ ಗಂಟೆ ನಿಂತರೆ ಅದೂ ಸೇರಿ 30ಕ್ಕೆ ಇಳಿಯುತ್ತದೆ.

‘ಸರಾಸರಿ’ ಫಾರಸಿಯದು, ಕಿತ್ತುಹಾಕಿ ಅಂತ ಈ ಚರ್ಚೆಯಲ್ಲಿ ಇಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಫಾರಸಿಯಲ್ಲಿ ‘ಸರ್’ ಅಂದರೆ ತಲೆ, ತುದಿ. ‘ಸರಾಸರ್’ ಅಂದರೆ ಈ ತುದಿಯಿಂದ ಆ ತುದಿವರೆಗೆ, ಪೂರ್ತಿ. ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸುವುದು ಅಂದರೂ ಅದೇ ತಾನೇ, ಹೊರಟಲ್ಲಿಂದ ಮುಟ್ಟುವವರೆಗೆ ಏನನ್ನೂ ಬಿಡದೆ ಲೆಕ್ಕಕ್ಕೆ ಹಿಡಿಯುವುದು! ಇಲ್ಲಿನ ತೋಟಗಳಲ್ಲಿ ಮಳೆ ಅಳೆದು ಸರಾಸರಿ ಇಷ್ಟು ಇಂಚು ಅಂತ ಬರೆದಿಡುವ ರೈಟರಿಗೆ (ತೋಟದ ಗುಮಾಸ್ತನಿಗೆ) ಅದು ಪರರ ಪದ ಅನ್ನಿಸಿಲ್ಲ. ರಸ್ತೆಯೂ ಫಾರಸಿಯದೇ, ಕಾಫಿಯ ಬೇರು ಅರಬ್ಬಿಯಲ್ಲಿದೆ. ನೀವು ಬಿಡದೆ ಹಿಡಿದಿರುವ ‘ವೇಗ’ ಸಂಸ್ಕೃತ, ‘ಬೇಗ’ ಅದರದೇ ತದ್ಭವ. ಒಂದನ್ನು ಒಳಗಿಟ್ಟುಕೊಂಡು ಇನ್ನೊಂದನ್ನು ಮಾತ್ರ ಹೊರಗಟ್ಟುವುದು ಯಾವ ನ್ಯಾಯ? ಸುಮ್ನೆ ಹೊಸ ಪದ ಕಟ್ಟಿ ಮಕ್ಕಳ ಲೆಕ್ಕ ಕೆಡಿಸಬೇಡಿ.

ಇನ್ನು ಜವ. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಜವ ಬೇರೆ, ವೇಗ ಬೇರೆ. ಜವಕ್ಕೆ ಎಷ್ಟು ಬೇಗ ಅನ್ನುವುದೊಂದೇ ಸಾಕು, ವೇಗಕ್ಕೆ ದಿಕ್ಕೂ ಬೇಕು. ಮಡಿಕೇರಿಗೆ ಹೋಗಿ ಹೊರಟಲ್ಲಿಗೇ ವಾಪಸ್ ಬಂದರೆ ಸ್ಥಾನಪಲ್ಲಟ, ಅಂದರೆ ಹೊರಟ ಜಾಗದಿಂದ ಕೊನೆಗೆ ಮುಟ್ಟಿದ ಜಾಗಕ್ಕಿರುವ ನೇರ ದೂರ, ಸೊನ್ನೆ. ಅದನ್ನು ಸಮಯದಿಂದ ಭಾಗಿಸಿ ಬರುವ ಸರಾಸರಿ ವೇಗವೂ ಸೊನ್ನೆ. ಹೋಗಿಬರುವ ಲೆಕ್ಕದ ಕೆಳಗೆ ‘ಸರಾಸರಿ ವೇಗ 40’ ಅಂತ ಹಾಕಿದರೆ ತಪ್ಪು. ರಸ್ತೆ ಬದಿಯ ಬೋರ್ಡಿಗಾದರೆ ‘ವೇಗ’ವೇ ಇರಲಿ. ಯಮನಿಗೂ ಜವ ಅನ್ನುವ ಭಾಷೆ ನಮ್ಮದು, ಘಾಟಿಯ ತಿರುವಿನಲ್ಲಿ ಆ ಪದ ಓದಿ ಜನ ಗಲಿಬಿಲಿಯಾಗಬಾರದು.

ಚಾರ್ಟಿನಲ್ಲಿ ‘ಒಟ್ಟು ದೂರ ÷ ಒಟ್ಟು ಸಮಯ’ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ, ‘ಒಟ್ಟು’ ಎರಡೂ ಕಡೆ ಇರಬೇಕು.