ಮನೆಯಲ್ಲೊಂದು ರಿಪೇರಿ ಬೆಂಚು: ಆಚಾರ್ರಲ್ಲಿ ಕೇಳಿ

ಪ್ರಶ್ನೆ (ಪೆರ್ಲದ ಅಡಿಕೆ ಕೃಷಿಕರು): ಆಚಾರ್ರೇ, ನಮಸ್ಕಾರ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಒಂದು ರಿಪೇರಿ ಬೆಂಚು ಮಾಡಬೇಕು ಅಂತಿದೆ. ಮದ್ದು ಬಿಡುವ ಪಂಪು, ಹುಲ್ಲು ತೆಗೆಯುವ ಮೆಶಿನ್, ಕತ್ತಿಗೆ ಅರ ಹಾಕುವುದು, ಎಲ್ಲ ಈಗ ನೆಲದಲ್ಲಿ ಕೂತೇ ಆಗುತ್ತಿದೆ. ಹಳೆಯ ಊಟದ ಮೇಜಿಗೆ ವೈಸ್ (ಸಾಮಾನನ್ನು ಕಚ್ಚಿ ಹಿಡಿಯುವ ಕಬ್ಬಿಣದ ಇಕ್ಕಳ) ಕೂರಿಸಿದರೆ ಮೇಜೇ ನಡೆಯಲು ಶುರು ಮಾಡುತ್ತದೆ. ಮನೆಯಲ್ಲಿ ಹಲಸಿನ ಹಲಗೆ, ಸ್ವಲ್ಪ ಅಕೇಶಿಯಾ ಇದೆ. ಯಾವುದು ಆದೀತು? ಎತ್ತರ ಎಷ್ಟಿರಬೇಕು?

ಉತ್ತರ: ನಮಸ್ಕಾರ ಅಣ್ಣ. ಮರದ ಮಾತು ಆಮೇಲೆ. ಮೊದಲು ವೈಸ್ ತನ್ನಿ. ಎತ್ತರ ನಿರ್ಧಾರ ಆಗುವುದು ಅದರಿಂದ. ನೆಟ್ಟಗೆ ನಿಂತು ಮೊಣಕೈ ಮಡಚಿ. ವೈಸಿನ ದವಡೆಯ ಮೇಲ್ಭಾಗ ಮೊಣಕೈ ಮಟ್ಟಕ್ಕೆ ಬಂದರೆ ಅರ ಹಾಕುವಾಗ ಬೆನ್ನು ಬಗ್ಗುವುದಿಲ್ಲ, ಭುಜವೂ ನೋಯುವುದಿಲ್ಲ. ನೆಲದಿಂದ ಮೊಣಕೈಗೆ ಅಳೆದು, ಅದರಲ್ಲಿ ವೈಸಿನ ಎತ್ತರ ಕಳೆಯಿರಿ. ಉಳಿದದ್ದು ಬೆಂಚಿನ ಎತ್ತರ. ಅಂಗಡಿಯವರು ಹೇಳುವ ಅಳತೆ ಅಂಗಡಿಯವರ ಮೈಗೆ ಸರಿ!

ಮೇಜು ನಡೆಯುವುದಕ್ಕೆ ಕಾರಣ ಎರಡು. ತೂಕ ಸಾಲದು, ಕಾಲುಗಳ ನಡುವೆ ಬಿಗಿ ಇಲ್ಲ. ಊಟದ ಮೇಜು ಮೇಲಿನಿಂದ ಬರುವ ಭಾರ ಹೊರಲು ಮಾಡಿದ್ದು. ಅರ ಹಾಕುವಾಗ ಬಲ ಬೀಳುವುದು ಅಡ್ಡಕ್ಕೆ. ಹಾಗಾಗಿ ಕಾಲು 4 ಇಂಚು ಚೌಕ ಇರಲಿ, ಅದಕ್ಕೆ ಅಕೇಶಿಯಾ ಸಾಕು. ಒಣಗುವಾಗ ಬಿರುಕು ಬಿಡುವ ಮರ ಅದು. ಹಸಿಯಾಗಿದ್ದರೆ ಮುಟ್ಟಬೇಡಿ. ಮೇಲೊಂದು, ನೆಲದಿಂದ ಒಂದು ಗೇಣು ಬಿಟ್ಟು ಕೆಳಗೊಂದು, ಸುತ್ತಲೂ ಪಟ್ಟಿ ಕೊಡಿ. ಕಾಲಲ್ಲಿ ಗುಳಿ ತೆಗೆದು ಪಟ್ಟಿಯ ತುದಿಯನ್ನು ಅದರೊಳಗೆ ಕೂರಿಸಬೇಕು. ಅದಾಗದಿದ್ದರೆ ವಾಷರ್ ಹಾಕಿ ಆರಪಾರ ಬೋಲ್ಟು. ಬರೀ ಆಣಿಯಲ್ಲಿ ಮುಗಿಸಿದರೆ ಒಂದು ಮಳೆಗಾಲ ಕಳೆಯುವಾಗ ಅಲುಗುತ್ತದೆ. ಹಿಂದಿನ ಕಾಲುಗಳ ನಡುವೆ ಒಂದು ಓರೆ ಪಟ್ಟಿ ಕೊಟ್ಟರೆ ಅರ್ಧ ಅಲುಗಾಟ ಅಲ್ಲೇ ನಿಲ್ಲುತ್ತದೆ.

ಮೇಲಿನ ಹಲಗೆಗೆ ಹಲಸು ಒಳ್ಳೆಯದು. 2 ಇಂಚು ದಪ್ಪ ಬೇಕು. ಚೇಗು (ಮರದ ಗಟ್ಟಿ ತಿರುಳು) ಇರುವ ಹಳದಿ ಭಾಗ ಮಾತ್ರ ತೆಗೆದುಕೊಳ್ಳಿ, ಅಂಚಿನ ಬಿಳಿ ಭಾಗ ಒರಲೆಗೆ ಊಟ. ನಮ್ಮ ಕಡೆ ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಅಷ್ಟಾಗಿ ಇಲ್ಲ. ಅದಕ್ಕೆ ಪಟ್ಟಿಯಲ್ಲಿ ಬೋಲ್ಟಿನ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಮಾಡಿ. ಇಲ್ಲದಿದ್ದರೆ ಹಲಗೆ ಸೀಳುವುದು ಖಂಡಿತ.

ವೈಸನ್ನು ಕಾಲಿನ ನೇರ ಮೇಲೆಯೇ ಕೂರಿಸಿ. ಹೆಚ್ಚಿನವರು ನಡುವೆ ಹಾಕುತ್ತಾರೆ, ಹೊಡೆತಕ್ಕೆ ಹಲಗೆ ಕುಣಿಯುತ್ತದೆ. ಒಳಗಿನ ದವಡೆ ಬೆಂಚಿನ ಅಂಚಿಗಿಂತ ಒಂದಿಷ್ಟು ಹೊರಗೆ ಇರಲಿ. ಆಗ ಉದ್ದದ ಪೈಪನ್ನು ನೆಟ್ಟಗೆ ಕೆಳಕ್ಕೆ ಇಳಿಬಿಟ್ಟು ಕಚ್ಚಿಸಬಹುದು. ಬೆಂಚನ್ನು ಗೋಡೆಗೆ ಬಿಗಿಯುವುದಿದ್ದರೆ, ಮುರಕಲ್ಲಿಗೆ (ಕೆಂಪುಕಲ್ಲಿಗೆ) ಸುಮ್ನೆ ಪ್ಲಗ್ ಹೊಡೆದರೆ ಕಿತ್ತು ಬರುತ್ತದೆ. ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಉದ್ದ ಬೋಲ್ಟು ಹಾಕಿ. ಕಾಲಿನ ಅಡಿಗೆ ಕರಿಕಲ್ಲಿನ ತುಂಡು ಇಡುವುದು ಮರೆಯಬೇಡಿ.

ಪ್ರಶ್ನೆ (ಬದಿಯಡ್ಕದಿಂದ): ಒರಲೆಗೆ ಗೇರುಬೀಜದ ಸಿಪ್ಪೆ ಎಣ್ಣೆ ಹಚ್ಚಿದರೆ ಸಾಕಲ್ವಾ? ಅಜ್ಜನ ಕಾಲದಲ್ಲಿ ಅದೇ ಇದ್ದದ್ದು.

ಉತ್ತರ: ಕಾಲಿಗೆ, ಹಲಗೆಯ ಅಡಿಗೆ ಹಚ್ಚಿ. ಕೈ ಇಡುವ ಮೇಲ್ಭಾಗಕ್ಕೆ ಬೇಡ. ಆ ಎಣ್ಣೆ ಮೈಗೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ, ಕೈಗವಸು ಹಾಕಿಯೇ ಹಚ್ಚಬೇಕು. ಮೇಲ್ಭಾಗಕ್ಕೆ ಪೇಂಟ್ ಅಂಗಡಿಯ ಲಿನ್ಸೀಡ್ ಎಣ್ಣೆ ಸಾಕು. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹಿಡಿಯುತ್ತದೆ. ಬಿಡಿಸಿ ಬೇಲಿಗೆ ಹಾಕಿ ಒಣಗಿಸಿ.

ಪ್ರಶ್ನೆ (ಮಂಜೇಶ್ವರದಿಂದ): ಕತ್ತಿ ಮಸೆಯುವ ಗ್ರೈಂಡರನ್ನೂ ಅದೇ ಬೆಂಚಿನಲ್ಲಿ ಕೂರಿಸಬಹುದಾ?

ಉತ್ತರ: ಬೇರೆ ಸ್ಟ್ಯಾಂಡ್ ಇದ್ದರೆ ಒಳ್ಳೆಯದು. ಆಗದಿದ್ದರೆ ವೈಸಿನಿಂದ ದೂರದ ತುದಿಗೆ. ಪೆಟ್ರೋಲ್ ಕ್ಯಾನ್ ಆ ಶೆಡ್ಡಿನಲ್ಲೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಕಿಡಿಯ ಹತ್ತಿರ ಬರುತ್ತದೆ. ಗ್ರೈಂಡರಿನ ಕಲ್ಲಿಗೂ ಕತ್ತಿ ಇಡುವ ಮುಂದಿನ ಆಧಾರಕ್ಕೂ 3 ಮಿಲಿಮೀಟರಿಗಿಂತ ಜಾಸ್ತಿ ಎಡೆ ಇರಬಾರದು. ಕತ್ತಿಯ ತುದಿ ಆ ಎಡೆಯಲ್ಲಿ ಸಿಕ್ಕಿಕೊಂಡರೆ ಕಲ್ಲು ಸಿಡಿಯುತ್ತದೆ. ಕನ್ನಡಕ ಹಾಕಿ. ಅರ್ತಿಂಗ್ ಸರಿಯಿಲ್ಲದ ಪ್ಲಗ್ಗಿಗೆ ಕೊಡಬೇಡಿ, ಮಳೆಗಾಲದಲ್ಲಿ ಒದ್ದೆ ನೆಲದಲ್ಲಿ ನಿಂತು ಕೆಲಸ ಮಾಡುವವರು ನಾವು.

ಪ್ರಶ್ನೆ (ಮುಳ್ಳೇರಿಯದಿಂದ): ನಮ್ಮಲ್ಲಿ ಲೈಸೆನ್ಸ್ ಇರುವ ಕೋವಿ ಉಂಟು. ಕಾಡುಹಂದಿ ಹೊಡೆಯಲು ನಮ್ಮ ಕೇರಳದಲ್ಲಿ ಪಂಚಾಯತಿನಿಂದಲೇ ಆದೇಶ ಸಿಗುವ ವ್ಯವಸ್ಥೆ 2022ರಲ್ಲಿ ಬಂತಲ್ಲ, ಆಮೇಲೆ ತೋಟೆಯ (ಕೋವಿಗೆ ಹಾಕುವ ಮದ್ದುಗುಂಡಿನ) ಖರ್ಚು ಜಾಸ್ತಿ. ಹೊರದೇಶದಲ್ಲಿ ಮನೆಯ ಬೆಂಚಿಗೇ ಪ್ರೆಸ್ ಬಿಗಿದು ಖಾಲಿ ತೋಟೆ ತುಂಬಿಸುತ್ತಾರಂತೆ. ಈ ಬೆಂಚು ಅದಕ್ಕೆ ಆದೀತಾ?

ಉತ್ತರ: ಬೆಂಚು ತಾಳುತ್ತದೆ ಮಾರಾಯ್ರೇ, ಕಾನೂನು ಬಿಡುವುದಿಲ್ಲ. ಅಮೆರಿಕದಂಥ ಕಡೆ ಅದೊಂದು ಹವ್ಯಾಸ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಆಗುವುದಿಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ ಜೈಲು. ಒಂದು ಹಂದಿಗೋಸ್ಕರ ಅಷ್ಟೆಲ್ಲ ಬೇಕಾ? ತೋಟೆಯನ್ನು ಲೈಸೆನ್ಸ್ ಇರುವ ಅಂಗಡಿಯಿಂದಲೇ ತನ್ನಿ, ಕೋವಿ ರಿಪೇರಿಯನ್ನೂ ಲೈಸೆನ್ಸ್ ಇರುವವರಿಗೇ ಕೊಡಿ.

ಒರೆಸಿ ಎಣ್ಣೆ ಹಾಕಲು ಬೆಂಚು ಧಾರಾಳ ಆದೀತು. ತೋಟೆ ಒಳಗಿಲ್ಲ ಅಂತ ಎರಡೆರಡು ಸಲ ನೋಡಿ, ತೋಟೆಯ ಪೆಟ್ಟಿಗೆಯನ್ನು ಬೇರೆ ಕೋಣೆಯಲ್ಲಿಟ್ಟು ಶುರು ಮಾಡಿ. ನಳಿಗೆಯನ್ನು ವೈಸಿಗೆ ಕಚ್ಚಿಸಲೇಬೇಡಿ. ಒಂದು ಸುತ್ತು ಜಾಸ್ತಿ ತಿರುಗಿಸಿದರೆ ನಳಿಗೆ ನಗ್ಗುತ್ತದೆ. ಹಲಗೆಯ ಎರಡು ತುಂಡಿನಲ್ಲಿ ಕವೆ ಕೊಯ್ದು, ಒಳಗೆ ದಪ್ಪ ಬಟ್ಟೆ ಅಂಟಿಸಿ, ಅದರ ಮೇಲೆ ಮಲಗಿಸಿ.