ಹತ್ತು ಮಂದಿಗೆ ಕಳುಹಿಸಬೇಕಾಗಿದ್ದ ಮೆಜೆಸ್ಟಿಕ್

ದೊಡ್ಡಪ್ಪ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವರು. ಆ ಭಯಕ್ಕೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಜಗಳವೂ ಪೂರ್ಣವಿರಾಮ ಹಾಕಿಕೊಂಡೇ ನಡೆಯುತ್ತದೆ. ಕಳೆದ ಭಾನುವಾರ ಅವರೇ ಹಾಕಿದ ಫಾರ್ವರ್ಡ್ ಒಂದರಿಂದ ಶುರುವಾದ ಚರ್ಚೆಯನ್ನು, ಕಾಫಿ ತಿಂಡಿಯ ಮಾತುಗಳನ್ನು ಮಾತ್ರ ತೆಗೆದು, ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವಂತೆಯೇ ಇವೆ.

ದೊಡ್ಡಪ್ಪ, ಬೆಳಿಗ್ಗೆ 7:10
(ಫಾರ್ವರ್ಡ್) "ಬೆಂಗಳೂರಿನ ಕೆಂಪೇಗೌಡ ರಸ್ತೆ ಎಂದರೆ ಕನ್ನಡ ಚಿತ್ರರಂಗ ಹುಟ್ಟಿದ ಮಣ್ಣು. ಕನ್ನಡದ ಮೊದಲ ವಾಕ್ಚಿತ್ರ ತೆರೆ ಕಂಡದ್ದು ಇದೇ ರಸ್ತೆಯಲ್ಲಿ. ಹೆಜ್ಜೆಗೊಂದು ಚಿತ್ರಮಂದಿರವಿದ್ದ ಈ ಮೆಜೆಸ್ಟಿಕ್ಕನ್ನು ಮಾಲ್‌ಗಳು ಕೊಂದವು. ನಿಜವಾದ ಕನ್ನಡಿಗರಾಗಿದ್ದರೆ ಹತ್ತು ಮಂದಿಗೆ ಕಳುಹಿಸಿ."
ಎಲ್ಲರೂ ಓದಿ. ಮಕ್ಕಳಿಗೂ ಓದಿಸಿ.

ಮಾವ, 7:34
ಭಾವ, ಕಳುಹಿಸುವ ಮುನ್ನ ಸ್ವಲ್ಪ ತಾಳಿ. ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬಿಡುಗಡೆಯಾದದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ, ಅಂದರೆ ಹಳೆಯ ಪೇಟೆಯ ಮಗ್ಗುಲಿನಲ್ಲಿ; ಕೆಂಪೇಗೌಡ ರಸ್ತೆಯಲ್ಲಿ ಅಲ್ಲ. ಅದರ ಚಿತ್ರೀಕರಣ ನಡೆದದ್ದಂತೂ ಬೆಂಗಳೂರಿನಲ್ಲೇ ಅಲ್ಲ, ಕೊಲ್ಹಾಪುರದ ಸ್ಟುಡಿಯೋದಲ್ಲಿ. ಆಮೇಲೂ ದಶಕಗಳ ಕಾಲ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾದದ್ದು ಮದ್ರಾಸಿನಲ್ಲಿ. ಹಾಗಿರುವಾಗ "ಹುಟ್ಟಿದ ಮಣ್ಣು" ಎಂಬ ಮಾತಿಗೆ ಆಧಾರವೇನು ಎಂಬುದು ನನ್ನ ಪ್ರಶ್ನೆ.

ದೊಡ್ಡಪ್ಪ, 7:52
ಆಧಾರ ಕೇಳಿದಿರಿ, ಕೊಡುತ್ತೇನೆ. ಗುಬ್ಬಿ ಕಂಪನಿಯ ನಾಟಕಗಳಿಗೆ ಬೆಂಗಳೂರು ಮುಗಿಬಿದ್ದ ಕಾಲವೊಂದಿತ್ತು. ಇಂದಿಗೂ ಗಾಂಧಿನಗರದಲ್ಲಿ ವೀರಣ್ಣನವರ ಹೆಸರಿನ ರಂಗಮಂದಿರವಿದೆ. 1954ರಲ್ಲಿ ರಾಜಕುಮಾರರನ್ನು ನಾಯಕನನ್ನಾಗಿ ತೆರೆಗೆ ತಂದ 'ಬೇಡರ ಕಣ್ಣಪ್ಪ' ಚಿತ್ರವನ್ನು ನಿರ್ಮಿಸಿದ್ದೂ ಅದೇ ಗುಬ್ಬಿಯವರ ಸಂಸ್ಥೆ. 1972ರಲ್ಲಿ 'ಬಂಗಾರದ ಮನುಷ್ಯ' ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ, ಈಗ ಭೂಮಿಕಾ ಎಂದು ಕರೆಯುವ ಅದೇ ಚಿತ್ರಮಂದಿರದಲ್ಲಿ, ಎರಡು ವರ್ಷ ಓಡಿತು. ಎರಡು ವರ್ಷ! ನಾನು ಅದನ್ನು ಅಲ್ಲಿ ನಾಲ್ಕು ಬಾರಿ ನೋಡಿದ್ದೇನೆ. ಮಗು ಹುಟ್ಟಿದ ಆಸ್ಪತ್ರೆಯನ್ನೇ ತವರು ಎನ್ನುವುದಿಲ್ಲ, ಭಾವ. ಬೆಳೆದ ಮನೆಯನ್ನು ಎನ್ನುತ್ತೇವೆ.

ನಾನು, 7:58
ಆ ರಸ್ತೆಗೆ ಮೆಜೆಸ್ಟಿಕ್ ಎಂಬ ಹೆಸರು ಬಂದದ್ದು ಹೇಗೆ ಎಂದು ಯಾರಾದರೂ ಹೇಳಿ. ಬಸ್ಸಿನ ಫಲಕದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಎಂದಿರುತ್ತದೆ, ಕಂಡಕ್ಟರ್ ಕೂಗುವುದು ಮಾತ್ರ ಮೆಜೆಸ್ಟಿಕ್ ಎಂದೇ.

ದೊಡ್ಡಪ್ಪ, 8:03
ಮೆಜೆಸ್ಟಿಕ್ ಎಂಬ ಚಿತ್ರಮಂದಿರವೇ ಅಲ್ಲಿತ್ತು. ಅದನ್ನು ಕೆಡವಿದರು, ಹೆಸರು ಇಡೀ ಪ್ರದೇಶಕ್ಕೆ ಅಂಟಿಕೊಂಡು ಉಳಿಯಿತು. ಮೆಟ್ರೊ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರನ್ನೇ ಇಟ್ಟಿದ್ದಾರೆ; ಆದರೂ ಯಾರನ್ನಾದರೂ ಎಲ್ಲಿ ಇಳಿಯುತ್ತೀರಿ ಎಂದು ಕೇಳಿ ನೋಡು.

ಅಕ್ಕ, 8:41
ಅಪ್ಪ, ನೀವು ಬೆಳೆದ ಮನೆಯ ಮಾತಾಡಿದ್ದರಿಂದ, ಆ ಮನೆ ನಿಂತ ನೆಲದ ಮಾತನ್ನೂ ಆಡಬೇಕಾಗುತ್ತದೆ. ಇಂದಿನ ಬಸ್ ನಿಲ್ದಾಣ ಇರುವುದು ಕೆಂಪೇಗೌಡರ ಕಾಲದ್ದೆನ್ನುವ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಪೇಟೆಯ ಜನ ಕುಡಿಯುತ್ತಿದ್ದ ನೀರು ಅದು. ರೈಲು ಮಾರ್ಗ ಬಂದು ಕೆರೆಗೆ ಹರಿಯುವ ನೀರಿಗೆ ಅಡ್ಡವಾಯಿತು, 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದು ಕೆರೆಯ ಅಗತ್ಯವೇ ಕಡಿಮೆಯಾಯಿತು, ಒಣಗಿದ ಕೆರೆ ಮೈದಾನವಾಯಿತು, ಕೊನೆಗೆ ಆ ಮೈದಾನ ಬಸ್ಸುಗಳ ಪಾಲಾಯಿತು. ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರು ಅಲ್ಲಿ ಇಂದಿಗೂ ಇದೆ, ಟ್ಯಾಂಕೂ ಇಲ್ಲ, ಬಂಡೂ ಇಲ್ಲ. ಎದುರಿಗೆ ರೈಲು ನಿಲ್ದಾಣ, ಪಕ್ಕದಲ್ಲಿ ಬಸ್ಸು, ನಡುವೆ ಸಂಜೆಯವರೆಗೆ ಕಾಲ ಕಳೆಯಬೇಕಾದ ಸಾವಿರಾರು ಜನ. ಚಿತ್ರಮಂದಿರ ಕಟ್ಟುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ? ಆ ರಸ್ತೆಯನ್ನು ಮನರಂಜನೆಯ ಕೇಂದ್ರ ಮಾಡಿದ್ದು ಕನ್ನಡಾಭಿಮಾನವಲ್ಲ. ತುಮಕೂರಿನಿಂದಲೋ ಮಂಡ್ಯದಿಂದಲೋ ಕಚೇರಿ ಕೆಲಸಕ್ಕೆ ಬಂದು, ಮಧ್ಯಾಹ್ನಕ್ಕೇ ಕೆಲಸ ಮುಗಿಸಿ, ರಾತ್ರಿ ಬಸ್ಸಿಗೆ ಕಾಯುತ್ತಿದ್ದ ಮನುಷ್ಯ.

ಚಿಕ್ಕಪ್ಪ, 9:15
ಅವಳ ಮಾತು ಸರಿಯಾಗಿದೆ ಅಣ್ಣ, ನಾನು ಕಣ್ಣಾರೆ ಕಂಡದ್ದನ್ನು ಸೇರಿಸುತ್ತೇನೆ. ಗಾಂಧಿನಗರದ ಒಬ್ಬ ವಿತರಕರ ಬಳಿ ನಾನು ಒಂಬತ್ತು ವರ್ಷ ಲೆಕ್ಕ ಬರೆದೆ. ಚಿತ್ರ ಎಂದರೆ ಆಗ ತಗಡಿನ ಡಬ್ಬಗಳು. ಒಂದು ಚಿತ್ರದ ರೀಲುಗಳ ಪೆಟ್ಟಿಗೆಯನ್ನು ಇಬ್ಬರು ಎತ್ತಬೇಕಿತ್ತು. ಗುರುವಾರ ರಾತ್ರಿ ಆ ಪೆಟ್ಟಿಗೆಗಳು ಕೈಗಾಡಿಯಲ್ಲಿ ನಮ್ಮ ಕಚೇರಿಯಿಂದ ಬಸ್ ನಿಲ್ದಾಣಕ್ಕೆ ಹೋಗಿ, ಹಾಸನ, ಶಿವಮೊಗ್ಗ, ದಾವಣಗೆರೆಯ ಬಸ್ಸುಗಳ ಮೇಲೇರುತ್ತಿದ್ದವು. ಪೆಟ್ಟಿಗೆಯ ಜೊತೆಗೆ ನಮ್ಮ ಪ್ರತಿನಿಧಿಯೊಬ್ಬ ಹೋಗಿ, ಆ ಊರಿನ ಚಿತ್ರಮಂದಿರದಲ್ಲಿ ಎಷ್ಟು ಟಿಕೆಟ್ ಹರಿದರು ಎಂದು ಎಣಿಸಿ, ಡಿಸಿಆರ್, ಅಂದರೆ ಆ ದಿನದ ಗಳಿಕೆಯ ವರದಿ, ಬರೆದು ಕಳುಹಿಸುತ್ತಿದ್ದ. ವಿತರಕರೆಲ್ಲ ಗಾಂಧಿನಗರದಲ್ಲೇ ಏಕೆ ಬಾಡಿಗೆ ಹಿಡಿದರು ಎಂದರೆ ಕಾರಣ ಇಷ್ಟೇ: ಪೆಟ್ಟಿಗೆ ಹೊರುವ ದೂರ ಕಡಿಮೆಯಾಗಲಿ ಎಂದು. ಮದ್ರಾಸಿನಲ್ಲಿ ತಯಾರಾದ ಚಿತ್ರ ಗಾಂಧಿನಗರದಲ್ಲಿ ಮಾರಾಟವಾಗುತ್ತಿತ್ತು. ಅದಕ್ಕೇ ಇಡೀ ಚಿತ್ರರಂಗಕ್ಕೆ ಗಾಂಧಿನಗರ ಎಂಬ ಅಡ್ಡಹೆಸರು ಬಿತ್ತು.

ದೊಡ್ಡಪ್ಪ, 9:40
ಹಾಗಾದರೆ ನಿಮ್ಮೆಲ್ಲರ ಪ್ರಕಾರ ಅದೊಂದು ಗೋದಾಮು. ಒಪ್ಪಲಾರೆ. ಇದೇ ಊರಿನಲ್ಲಿ ಇನ್ನೊಂದು ಮನರಂಜನೆಯ ಕೇಂದ್ರವಿತ್ತು, ಅದನ್ನು ಯಾರೂ ಹೆಸರಿಸುತ್ತಿಲ್ಲ. ದಂಡಿನ ಕಡೆ, ಬ್ರಿಟಿಷರ ಸೈನ್ಯವಿದ್ದ ಕಂಟೋನ್ಮೆಂಟಿನಲ್ಲಿ, ಸೌತ್ ಪೆರೇಡ್, ಅಂದರೆ ಇಂದಿನ ಎಂ.ಜಿ. ರಸ್ತೆ. 1936ರಲ್ಲಿ ಶುರುವಾದ ಪ್ಲಾಜಾ, ಬಿ.ಆರ್.ವಿ., ಬ್ರಿಗೇಡ್ ರಸ್ತೆಯ ರೆಕ್ಸ್, ಇವೆಲ್ಲ ಇಂಗ್ಲಿಷ್ ಚಿತ್ರಗಳ ಮಂದಿರಗಳು. ಪೇಟೆ ಮತ್ತು ದಂಡು ಒಂದೇ ನಗರಸಭೆಗೆ ಸೇರಿದ್ದೇ 1949ರಲ್ಲಿ. ಅದಕ್ಕೆ ಮೊದಲು ಅವು ಎರಡು ಊರುಗಳು. ಕನ್ನಡ ಮಾತಾಡುವವನು ಆ ಕಡೆ ಹೋದರೆ ಬಾಗಿಲಿನವನೊಡನೆ ಮಾತಾಡಲೂ ಭಾಷೆ ಸಾಲುತ್ತಿರಲಿಲ್ಲ. ಕನ್ನಡ ಚಿತ್ರಕ್ಕೆ ರಾಜಧಾನಿಯಲ್ಲಿ ಒಂದು ದೊಡ್ಡ ಬೀದಿ ಸಿಕ್ಕಿತು ಎಂದರೆ ಅದು ಕೆಂಪೇಗೌಡ ರಸ್ತೆಯಲ್ಲಿ ಮಾತ್ರ. ಜನ ಬಸ್ಸಿಗೆ ಕಾಯಲು ಬಂದಿರಬಹುದು. ನಲವತ್ತು ಅಡಿಯ ಕಟೌಟಿಗೆ ಹಾಲೆರೆದವರು ಬಸ್ಸಿಗೆ ಕಾಯುತ್ತಿರಲಿಲ್ಲ.

ಈ ಸಂದೇಶಕ್ಕೆ ಮಾವ ಹೆಬ್ಬೆರಳು ಎತ್ತಿದರು. ಅವರು ವಾದದಲ್ಲಿ ಸೋಲನ್ನು ಒಪ್ಪುವ ರೀತಿ ಅದು, ಬಾಯಲ್ಲಿ ಎಂದೂ ಹೇಳುವುದಿಲ್ಲ.

ಅತ್ತೆ, 10:22
ಇಷ್ಟು ಹೊತ್ತು ಗಂಡಸರ ಮೆಜೆಸ್ಟಿಕ್ ಪುರಾಣ ಓದಿದೆ. ಈಗ ನನ್ನದು. ಅಣ್ಣ, ನೀವು 'ಬಂಗಾರದ ಮನುಷ್ಯ' ನಾಲ್ಕು ಬಾರಿ ನೋಡಿದಿರಿ, ಸರಿ. ಅದರಲ್ಲಿ ಮೂರು ಬಾರಿ ಟಿಕೆಟ್ ತಂದದ್ದು ಯಾರು? ಗಂಡಸರ ಸಾಲು ಕಬ್ಬಿಣದ ಸರಳಿನ ಆ ಇಕ್ಕಟ್ಟಾದ ಓಣಿಯೊಳಗೆ ಹಾವಿನಂತೆ ಸುತ್ತಿಕೊಂಡು ರಸ್ತೆಗೆ ಬಂದಿರುತ್ತಿತ್ತು, ಹೆಂಗಸರ ಸಾಲಿನಲ್ಲಿ ಹತ್ತು ಜನವೂ ಇರುತ್ತಿರಲಿಲ್ಲ. ಹಾಗಾಗಿ ಹದಿನಾರು ವರ್ಷದ ನನ್ನನ್ನು ಆ ಕಿಟಕಿಗೆ ಕಳುಹಿಸಿ ನೀವು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಿರಿ. ಕಿಟಕಿ ಎಂದರೆ ಕೈ ಮಾತ್ರ ತೂರುವ ತೂತು. ಬಳೆ ಒಡೆದು ಮಣಿಕಟ್ಟಿನಿಂದ ರಕ್ತ ಬಂದದ್ದು ನನಗೆ ನೆನಪಿದೆ, ನಿಮಗೆ ಇರಲಾರದು. ಮೂರು ಬಾರಿಯಲ್ಲಿ ಎರಡು ಬಾರಿ ನೀವು ಸ್ನೇಹಿತರೊಡನೆ ಒಳಗೆ ಹೋಗಿ, ನನ್ನನ್ನು ಬಸ್ಸು ಹತ್ತಿಸಿದಿರಿ. ಸೆಕೆಂಡ್ ಶೋ ಬಿಟ್ಟ ಮೇಲೆ ಆ ರಸ್ತೆಯಲ್ಲಿ ಹೆಣ್ಣುಮಕ್ಕಳು ನಡೆಯುವಂತಿರಲಿಲ್ಲ. ಕ್ಯಾಬರೆ ಹೋಟೆಲುಗಳು, ಲಾಡ್ಜುಗಳು, ಬ್ಲ್ಯಾಕ್ ಟಿಕೆಟ್ಟಿನವರು, ಇವೂ ಆ ಬೀದಿಯ ಚರಿತ್ರೆಯೇ. ಮಾಲ್‌ಗಳು ಕೊಂದವು ಎನ್ನುತ್ತೀರಿ. ನಾನು ಒಬ್ಬಳೇ ಹೋಗಿ ನೆಮ್ಮದಿಯಿಂದ ಚಿತ್ರ ನೋಡಿದ್ದು ಮಾಲ್‌ನಲ್ಲಿ, ನನ್ನ ಐವತ್ತನೆಯ ವಯಸ್ಸಿನಲ್ಲಿ.

ಸುಮಾರು ಒಂದು ಗಂಟೆ ಯಾರೂ ಏನೂ ಬರೆಯಲಿಲ್ಲ. ದೊಡ್ಡಪ್ಪ "ಟೈಪ್ ಮಾಡುತ್ತಿದ್ದಾರೆ" ಎಂದು ಎರಡು ಬಾರಿ ತೋರಿಸಿ ಅಳಿಸಿಹೋಯಿತು.

ದೊಡ್ಡಪ್ಪ, 11:30
ಬಳೆಯ ವಿಷಯ ನನಗೆ ಗೊತ್ತಿರಲಿಲ್ಲ.

ಅತ್ತೆ, 11:31
ಗೊತ್ತಿರಲಿಲ್ಲ ಎಂದು ನನಗೆ ಗೊತ್ತು.

ಚಿಕ್ಕಪ್ಪ, 11:58
ಕೊಂದವರು ಯಾರು ಎಂಬುದಕ್ಕೆ ಬರೋಣ. ಬೆಂಗಳೂರಿಗೆ ದೊಡ್ಡ ಮಲ್ಟಿಪ್ಲೆಕ್ಸ್ ಬಂದದ್ದು 2004ರಲ್ಲಿ, ಕೋರಮಂಗಲದ ಫೋರಂ ಮಾಲ್‌ನಲ್ಲಿ, ಹನ್ನೊಂದು ಪರದೆಗಳೊಡನೆ. ಕೆಂಪೇಗೌಡ ರಸ್ತೆಗೆ ಜ್ವರ ಬಂದದ್ದು ಅದಕ್ಕೂ ಬಹಳ ಮೊದಲು. 1981ರಲ್ಲಿ ಬೆಂಗಳೂರು ದೂರದರ್ಶನ, ಅದರ ಬೆನ್ನಿಗೆ ವಿಡಿಯೋ ಕ್ಯಾಸೆಟ್, 1994ರಲ್ಲಿ ಉದಯ ಟಿವಿ. ಇದು ಒಂದು ಕಾರಣ. ಎರಡನೆಯದು ನಮ್ಮವರೇ ಮಾಡಿಕೊಂಡ ಬಾಡಿಗೆ ಪದ್ಧತಿ. ಚಿತ್ರಮಂದಿರದ ಮಾಲೀಕ ಗಳಿಕೆಯಲ್ಲಿ ಪಾಲು ಕೇಳುತ್ತಿರಲಿಲ್ಲ. ವಾರಕ್ಕೆ ಇಷ್ಟು ಬಾಡಿಗೆ ಎಂದು ನಿರ್ಮಾಪಕ ಅಥವಾ ವಿತರಕನಿಂದ ವಸೂಲು ಮಾಡುತ್ತಿದ್ದ. ಆದರೂ ಆ ರಸ್ತೆಯಲ್ಲಿ 'ಮುಖ್ಯ ಚಿತ್ರಮಂದಿರ' ಸಿಗದ ಚಿತ್ರಕ್ಕೆ ಜಿಲ್ಲೆಗಳಲ್ಲಿ ಬೆಲೆಯೇ ಇರುತ್ತಿರಲಿಲ್ಲವಾದ್ದರಿಂದ, ನಿರ್ಮಾಪಕರು ಸಾಲ ತಂದು ಬಾಡಿಗೆ ಕಟ್ಟಿ ಖಾಲಿ ಕುರ್ಚಿಗಳ ಮುಂದೆ ಚಿತ್ರ ಓಡಿಸುತ್ತಿದ್ದರು. ನೂರು ದಿನದ ಫಲಕಗಳಲ್ಲಿ ಕೆಲವು ಜನ ಕೊಟ್ಟದ್ದು, ಕೆಲವು ಬಾಡಿಗೆ ಕೊಟ್ಟದ್ದು. ಯಾವುದು ಯಾವುದೆಂದು ನಾನು ಬರೆದ ಲೆಕ್ಕದ ಪುಸ್ತಕಕ್ಕೆ ಗೊತ್ತು. ಮೂರನೆಯದು ನೆಲದ ಬೆಲೆ. ಸಾವಿರ ಕುರ್ಚಿಯ ಮಂದಿರದಲ್ಲಿ ಐವತ್ತು ಜನ ಕುಳಿತಿರುವಾಗ, ಅದೇ ನೆಲದ ಮೇಲೆ ಮಳಿಗೆ ಕಟ್ಟಿದರೆ ತಿಂಗಳ ಬಾಡಿಗೆ ಎಷ್ಟು ಎಂದು ಮಾಲೀಕ ಲೆಕ್ಕ ಹಾಕದೇ ಇರುತ್ತಾನೆಯೇ? ಅಲಂಕಾರ್ ಚಿತ್ರಮಂದಿರ ಅಲಂಕಾರ್ ಪ್ಲಾಜಾ ಆದದ್ದು ಹಾಗೆ.

ಮಾವ, 12:20
ಕಪಾಲಿಯನ್ನು ಮರೆಯಬೇಡಿ. 1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ್ದು. ಸಾವಿರದ ನಾನೂರಕ್ಕೂ ಹೆಚ್ಚು ಕುರ್ಚಿ, ಬಿಲ್ಲಿನಂತೆ ಬಾಗಿದ ಸಿನಿರಾಮಾ ಪರದೆ. ಮುಂದಿನ ಸಾಲಿನಲ್ಲಿ ಕುಳಿತರೆ ಕುದುರೆ ಎಡಗಡೆಯಿಂದ ಬಂದು ಬಲಗಡೆಗೆ ಹೋಗುವುದನ್ನು ನೋಡಲು ಕತ್ತು ತಿರುಗಿಸಬೇಕಿತ್ತು. 2017ರಲ್ಲಿ ಬಾಗಿಲು ಹಾಕಿದರು, ಆಮೇಲೆ ಕೆಡವಿದರು. ಅದರ ಸನಿಹದಲ್ಲೇ ಇರುವ ಅಣ್ಣಮ್ಮನ ಗುಡಿ ಮಾತ್ರ ಕೆರೆಯನ್ನೂ ನೋಡಿತು, ಚಿತ್ರಮಂದಿರವನ್ನೂ ನೋಡಿತು.

ಅಕ್ಕ, 12:47
ನಾನು ಇನ್ನೊಂದು ಕಾರಣ ಸೇರಿಸುತ್ತೇನೆ, ಏಕೆಂದರೆ ಬೆಳಿಗ್ಗೆ ಹೇಳಿದ ಮಾತಿನ ಉಳಿದರ್ಧ ಅದೇ. ಜನ ಇಳಿಯುತ್ತಿದ್ದರಿಂದ ಆ ಬೀದಿ ಬೆಳೆಯಿತು. ಈಗ ಜನ ಅಲ್ಲಿ ಇಳಿದರೂ ಮೇಲೆ ಬರುವುದಿಲ್ಲ. ಮೈಸೂರು ಕಡೆಯ ಎಷ್ಟೋ ಬಸ್ಸುಗಳು ಸ್ಯಾಟಲೈಟ್ ನಿಲ್ದಾಣಕ್ಕೆ ಹೋದವು. ಮೆಟ್ರೊದಲ್ಲಿ ಬಂದವರು ನೆಲದಡಿಯಲ್ಲೇ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡು ಹೊರಟುಹೋಗುತ್ತಾರೆ. ನಾನು ದಿನಕ್ಕೆ ಎರಡು ಬಾರಿ ಮೆಜೆಸ್ಟಿಕ್ ದಾಟುತ್ತೇನೆ. ಕೆಂಪೇಗೌಡ ರಸ್ತೆಯ ಬಿಸಿಲನ್ನು ನೋಡಿ ಆರು ತಿಂಗಳಾಯಿತು. ಚಿಕ್ಕಪ್ಪನ ಪೆಟ್ಟಿಗೆಗಳೂ ಇಲ್ಲ; ಡಿಜಿಟಲ್ ಬಂದ ಮೇಲೆ ಚಿತ್ರವನ್ನು ಹೊರುವುದಕ್ಕೆ ಬಸ್ಸು ಬೇಕಾಗಿಲ್ಲ, ಆದ್ದರಿಂದ ವಿತರಕ ಬಸ್ ನಿಲ್ದಾಣದ ಪಕ್ಕದಲ್ಲಿ ಇರಬೇಕಾಗಿಯೂ ಇಲ್ಲ.

ದೊಡ್ಡಪ್ಪ, 1:35
ಊಟ ಮುಗಿಸಿ ಎಲ್ಲವನ್ನೂ ಎರಡನೆಯ ಸಲ ಓದಿದೆ. ಕೆರೆ, ರೈಲು, ಬಾಡಿಗೆ, ನೆಲದ ಬೆಲೆ, ಎಲ್ಲವೂ ಸರಿ ಇರಬಹುದು. ಆದರೆ ನರ್ತಕಿ, ಸಂತೋಷ್ ಇನ್ನೂ ಇವೆ, ಅನುಪಮಾ ಇದೆ, ನಾನು ಸಾಲು ನಿಂತ ಸ್ಟೇಟ್ಸ್ ಹೆಸರು ಬದಲಾಯಿಸಿಕೊಂಡಾದರೂ ಇದೆ. ಲೆಕ್ಕದ ಪ್ರಕಾರ ಅವು ಎಂದೋ ಮಳಿಗೆಗಳಾಗಬೇಕಿತ್ತಲ್ಲ? ಇನ್ನೂ ಬಾಗಿಲು ತೆರೆಯುತ್ತಿರುವುದಕ್ಕೆ ನಿಮ್ಮ ನಕ್ಷೆಯಲ್ಲಿ ಯಾವ ಕಾರಣವಿದೆ?

ಚಿಕ್ಕಪ್ಪ, 1:50
ದೊಡ್ಡ ನಟನ ಚಿತ್ರದ ಮೊದಲ ಮೂರು ದಿನ, ಅಣ್ಣ. ಆ ಜನ ಇನ್ನೂ ಅಲ್ಲಿಗೇ ಬರುತ್ತಾರೆ. ಬೆಳಗಿನ ಜಾವದ ಪ್ರದರ್ಶನಕ್ಕೆ ತಮಟೆ ಬಾರಿಸಿಕೊಂಡು ಮಾಲ್‌ಗೆ ಹೋಗಲು ಕಾವಲುಗಾರರು ಬಿಡುವುದಿಲ್ಲ. ನಾಲ್ಕನೆಯ ದಿನ ಮಾತ್ರ ನೀವು ಹೋಗಿ ನೋಡಬೇಡಿ.

ದೊಡ್ಡಪ್ಪ, 2:04
ಸರಿ. ಮೊದಲ ವಾಕ್ಚಿತ್ರದ ಸಾಲನ್ನು ತೆಗೆದು, ಪ್ಯಾರಾಮೌಂಟ್ ಎಂದು ತಿದ್ದಿ ಕಳುಹಿಸುತ್ತೇನೆ. ಹೆಂಗಸರ ಕಿಟಕಿಯ ವಿಷಯವನ್ನೂ ಒಂದು ವಾಕ್ಯ ಸೇರಿಸುತ್ತೇನೆ. ಮಾಲ್‌ಗಳು ಕೊಂದವು ಎಂಬ ಸಾಲು ಮಾತ್ರ ಹಾಗೆಯೇ ಇರುತ್ತದೆ.

ಮಾವ, 2:06
ಆ ಸಾಲೂ ತಪ್ಪೆಂದು ಬೆಳಗಿನಿಂದ ಮೂರು ಜನ ಬರೆದಿದ್ದಾರಲ್ಲ, ಭಾವ.

ದೊಡ್ಡಪ್ಪ, 2:07
ಓದಿದ್ದೇನೆ.