ರೆಕಾರ್ಡ್ ಪ್ಲೇಯರ್: ಗ್ಯಾರಾರ್ಡ್ 401 ತೊಗೊಳ್ಳಲೋ, ಹಳೇ ಟೆಕ್ನಿಕ್ಸ್ ತೊಗೊಳ್ಳಲೋ? ಅನುಭವ ಇದ್ದವರು ಹೇಳಿ

ಹುಬ್ಬಳ್ಳಿ_ಹುಡುಗ
ನಮಸ್ಕಾರ. ಅಜ್ಜ ತೀರಿಕೊಂಡ ಮೇಲೆ ಅವರ ಟ್ರಂಕು ನನಗೆ ಬಂದಿದೆ. 140 ಎಲ್‌ಪಿ, 30 ಅರಗಿನ ಪ್ಲೇಟು. ಮನ್ಸೂರರು, ಗಂಗೂಬಾಯಿ, ಕಾಳಿಂಗರಾಯರು ಎಲ್ಲ ಇದ್ದಾರೆ. ಅಜ್ಜನ ಎಚ್‌ಎಂವಿ ಫಿಯೆಸ್ಟಾ ಪ್ಲೇಯರ್ ಕೆಟ್ಟು ಕೂತಿದೆ. ನನ್ನ ಕೈಯಲ್ಲಿ 60 ಸಾವಿರ ಇದೆ. ಒಬ್ಬರು ಗ್ಯಾರಾರ್ಡ್ 401 ಕೊಡುತ್ತೇನೆ ಅಂದಿದ್ದಾರೆ, 58 ಸಾವಿರ, ಮುಳ್ಳು ಹಿಡಿಯುವ ಆರ್ಮ್ ಇಲ್ಲ. ಇನ್ನೊಬ್ಬರ ಹತ್ತಿರ ಟೆಕ್ನಿಕ್ಸ್ 1200 ಮಾರ್ಕ್ 2 ಇದೆ, 55 ಸಾವಿರ. ಬಾಡಿಗೆ ಮನೆ, ಎರಡನೇ ಮಹಡಿ. ಯಾವುದು ಒಳ್ಳೆಯದು?

ಮಲ್ಲೇಶ್ವರದ_ಮುಳ್ಳು
401 ಬಗ್ಗೆ ಹೇಳಲಾರೆ. ನನ್ನದು ಅದೇ ಕಂಪನಿಯ 301, ಗ್ರೀಸ್ ಬೇರಿಂಗ್ ಇರುವ ಹಳೇ ಮಾದರಿ. ಇಂಗ್ಲೆಂಡಿನಿಂದ ತರಿಸಿದೆ. ಬರೀ ಷಾಸಿಗೆ 1,45,000. ಕಸ್ಟಮ್ಸು, ಕೊರಿಯರ್ ಬೇರೆ. ಮಾರಿದ ಮಹಾನುಭಾವ ಪ್ಲೇಟು ಕೂರುವ ತಟ್ಟೆಯನ್ನು ಬಿಚ್ಚದೆ ಹಾಗೇ ಪ್ಯಾಕ್ ಮಾಡಿದ್ದ. ದಾರಿಯುದ್ದಕ್ಕೂ ಆ ಭಾರ ಕುಣಿದು ಬೇರಿಂಗ್ ತಳದಲ್ಲಿ ಗುಳಿ ಬಿದ್ದಿತ್ತು. ಆಲಾಪದ ಹಿಂದೆ ದೂರದಲ್ಲಿ ಲಾರಿ ಹೋದ ಹಾಗೆ ಗುರ್ ಅನ್ನುತ್ತಿತ್ತು. ಹೊಸ ಬೇರಿಂಗ್ 26,000. ಮೋಟಾರಿನಿಂದ ತಟ್ಟೆಯನ್ನು ತಿರುಗಿಸುವ ಐಡ್ಲರ್ ಚಕ್ರದ ರಬ್ಬರ್ ಕಲ್ಲಾಗಿತ್ತು, ಅದಕ್ಕೆ 9,500. ಆರ್ಮ್ ಎಷ್ಟಾಯಿತು ಅಂತ ಇಲ್ಲಿ ಬರೆಯಲ್ಲ, ಮನೆಯವರೂ ಇದನ್ನು ಓದುತ್ತಾರೆ. ಕೆಳಗಿನ ಮರದ ಪೆಟ್ಟಿಗೆಯನ್ನು ಕೆಡವಿದ ಮನೆಯ ತೇಗದ ಬಾಗಿಲಿನಿಂದ ಮಾಡಿಸಿದೆ. 24 ಕೆಜಿ. ಆಚಾರಿ ನಾಲ್ಕು ತಿಂಗಳು ಅಲೆಸಿದ.
ಆದರೆ ಮುಳ್ಳು ಇಟ್ಟಾಗ ತಬಲಾದ ಎಡ ಬರುತ್ತದಲ್ಲ, ಅದು ಬೇರೆ ಯಾವುದರಲ್ಲೂ ಬರಲ್ಲ. ಬಿಬಿಸಿಯವರು ಸುಮ್ನೆ ಇಟ್ಟುಕೊಂಡಿರಲಿಲ್ಲ.

ಜರ್ಸಿಯಿಂದ_ಮೈಸೂರಿಗೆ
ನನ್ನ ಕಥೆ ಕೇಳಿ. 19 ವರ್ಷ ನ್ಯೂಜೆರ್ಸಿಯಲ್ಲಿದ್ದು ವಾಪಸ್ ಬಂದೆ. ಜೊತೆಗೆ ಬೆಲ್ಟಿನಿಂದ ತಿರುಗುವ ಥೊರೆನ್ಸ್ ಟಿಡಿ 160 ಪ್ಲೇಯರ್. ಅಲ್ಲಿ 120 ವೋಲ್ಟ್, ಇಲ್ಲಿ 230. ಗೊತ್ತಿತ್ತು, 3,800 ಕೊಟ್ಟು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ಗಂಗೂಬಾಯಿಯವರ ಎಲ್‌ಪಿ ಹಾಕಿದೆ. ಅವರದು ಮೊದಲೇ ಗಂಭೀರ ದನಿ, ಅವತ್ತು ಪಾತಾಳದಿಂದ ಬಂತು! ಬೆಲ್ಟ್ ಸಡಿಲ ಅಂದುಕೊಂಡು ಎರಡು ಬೆಲ್ಟ್ ತರಿಸಿದೆ. ದಂಡ.
ಆಮೇಲೆ ಹೊಳೆಯಿತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಕರೆಂಟಿನ ಹರ್ಟ್ಸ್ (ಆವರ್ತನ) ಬದಲಾಯಿಸಲ್ಲ. ಅಲ್ಲಿ 60, ಇಲ್ಲಿ 50. ಆ ಮೋಟಾರು ಹರ್ಟ್ಸ್ ಹಿಡಿದು ತಿರುಗುವಂಥದ್ದು. ನಿಮಿಷಕ್ಕೆ 33 ಸುತ್ತಿನ ಬದಲು 28 ಕೂಡ ಇಲ್ಲ. ಶ್ರುತಿ ಮೂರು ಸ್ವರಸ್ಥಾನ ಕೆಳಗೆ. ಮೋಟಾರಿಗೆ ದಪ್ಪ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ) ಬೇಕು. ಇಲ್ಲಿನ ಲೇತ್‌ನವನು ಮಾಡಿಕೊಟ್ಟ ಮೊದಲನೆಯದು ಕೂದಲೆಳೆಯಷ್ಟು ದಪ್ಪ ಜಾಸ್ತಿ, ಹಾಡು ಓಡಿತು. ಎರಡನೆಯದು ಸರಿಹೋಯಿತು. ಎರಡಕ್ಕೂ ಸೇರಿ 1,400.
ಅಂದಹಾಗೆ ಮುಳ್ಳು ಸರ್, 24 ಕೆಜಿ ಪೆಟ್ಟಿಗೆ ಬೇಕಾಗಿದ್ದೇ ಐಡ್ಲರ್ ಸದ್ದು ಅಡಗಿಸೋಕೆ. ಬೆಲ್ಟ್ ಇದ್ದರೆ ಆ ರಗಳೆಯೇ ಇಲ್ಲ.

ಮಲ್ಲೇಶ್ವರದ_ಮುಳ್ಳು
ಬೆಲ್ಟ್ ಹಿಗ್ಗಿದ ದಿನ ಮಾತಾಡೋಣ.

ಕುಡ್ಲದ_ಕ್ವಾರ್ಟ್ಜ್
ಮಾರಾಯ್ರೆ, ನಿಮ್ಮಿಬ್ಬರ ಖರ್ಚಿನಲ್ಲಿ ಒಂದು ಸ್ಕೂಟರ್ ಬರುತ್ತಿತ್ತು. ಟೆಕ್ನಿಕ್ಸ್ ತೊಗೊಂಡು ಸುಮ್ನೆ ಹಾಡು ಕೇಳಿ. ಕೈಗಡಿಯಾರದ ಹಾಗೆ ಕ್ವಾರ್ಟ್ಜ್ ಸ್ಫಟಿಕದ ಲೆಕ್ಕ ಹಿಡಿದು ತಿರುಗುವ ಮೋಟಾರು. 50 ಹರ್ಟ್ಸೋ 60 ಹರ್ಟ್ಸೋ ಅದಕ್ಕೆ ಬೇಕಿಲ್ಲ. 1979ರ ಮಾದರಿ ಇವತ್ತೂ ಹೊಸದರ ಹಾಗೆ ತಿರುಗುತ್ತದೆ.
ನನಗೂ ಪೆಟ್ಟು ಬಿದ್ದಿದೆ, ಸುಳ್ಳು ಹೇಳಲ್ಲ. ಮೊದಲು ತೊಗೊಂಡದ್ದು ಜಪಾನಿನಿಂದ ಬಂದದ್ದು, 100 ವೋಲ್ಟಿನದು. ಮಾರಿದವರು ಹೇಳಲಿಲ್ಲ, ನಾನು ಹಿಂದಿನ ಚೀಟಿ ಓದಲಿಲ್ಲ. ನೇರ ಗೋಡೆಯ ಪ್ಲಗ್ಗಿಗೆ ಹಾಕಿದೆ. ಎರಡು ಸೆಕೆಂಡು ಚೆಂದ ತಿರುಗಿತು. ಮೂರನೇ ಸೆಕೆಂಡಿಗೆ ಹೊಗೆ. ಬೋರ್ಡು ಸರಿ ಮಾಡಿಸಲು 11,200, ಅದೂ ಐದು ವಾರ.

ಮಲ್ಲೇಶ್ವರದ_ಮುಳ್ಳು
ಅದು ಮದುವೆ ಮನೆಯಲ್ಲಿ ಡಿಜೆಗಳು ಉಜ್ಜುವ ಮಷಿನ್. ಮನ್ಸೂರರಿಗೆ ಅದಾ?

ಕುಡ್ಲದ_ಕ್ವಾರ್ಟ್ಜ್
ಡಿಜೆ ಹಿಂದಕ್ಕೂ ಮುಂದಕ್ಕೂ ಎಳೆದರೂ ವೇಗ ಕೆಡಲ್ಲ ಅಂತಾದರೆ ನಿಮ್ಮ ಮನ್ಸೂರರ ತಾನಿಗೆ ಏನಾಗುತ್ತದೆ? 1970ರಲ್ಲಿ ಇದೇ ಕಂಪನಿಯ ಎಸ್‌ಪಿ-10 ಬಂದ ಮೇಲೆ ರೇಡಿಯೋದವರೂ ಮೋಟಾರೇ ನೇರ ತಟ್ಟೆ ತಿರುಗಿಸುವ ಡೈರೆಕ್ಟ್ ಡ್ರೈವ್‌ಗೆ ಹೋದರು. ಅದಿರಲಿ, ನಿಮ್ಮ 301ರ ವೇಗ ಯಾವತ್ತಾದರೂ ಅಳೆದಿದ್ದೀರಾ?

ಮಲ್ಲೇಶ್ವರದ_ಮುಳ್ಳು
ಅಳೆಯದೆ? ಚುಕ್ಕೆ ಡಿಸ್ಕ್ ಇಟ್ಟರೆ, ವೇಗ ಸರಿ ಇದ್ದಾಗ ನಿಂತಂತೆ ಕಾಣಬೇಕಾದ ಚುಕ್ಕೆಗಳು ನಿಲ್ಲುತ್ತಲೇ ಇರಲಿಲ್ಲ, ಬರೀ ಬೂದಿ ಬಣ್ಣದ ಪಟ್ಟಿ. ಮೆಕ್ಯಾನಿಕ್ ಬಂದು ವೇಗ ಹೊಂದಿಸುವ ಅಯಸ್ಕಾಂತದ ಬ್ರೇಕು ಬಿಚ್ಚಿ ಜೋಡಿಸಿ 6,500 ತೊಗೊಂಡ. ಆಗಲೂ ನಿಲ್ಲಲಿಲ್ಲ. ಕೊನೆಗೆ ಅಡುಗೆಮನೆಯ ಹಳೇ ಚೋಕ್ ಟ್ಯೂಬ್‌ಲೈಟ್ ಕೆಳಗೆ ಇಟ್ಟೆ. ಅಲ್ಲಾಡದೆ ನಿಂತವು. ಹಾಲ್‌ನ ಎಲ್‌ಇಡಿ ಮಿನುಗುವುದೇ ಇಲ್ಲ. ಮಿನುಗದಿದ್ದರೆ ಚುಕ್ಕೆ ನಿಲ್ಲುವುದು ಹೇಗೆ?

ಕುಡ್ಲದ_ಕ್ವಾರ್ಟ್ಜ್
ಟೆಕ್ನಿಕ್ಸ್‌ಗೆ ಪಕ್ಕದಲ್ಲೇ ಅದರದೇ ಮಿನುಗುವ ಕೆಂಪು ದೀಪ ಇದೆ. ಅಡುಗೆಮನೆಗೆ ಹೊತ್ತುಕೊಂಡು ಹೋಗಬೇಕಾಗಿಲ್ಲ.

ಮಾಳಮಡ್ಡಿ_ಮಾಮಾ
ನೀವಿಬ್ಬರೂ ಸುಮ್ಮನಿರ್ರಿ. ತಮ್ಮಾ, ಮಷಿನ್ ಆಮೇಲೆ ನೋಡು, ಮೊದಲು ಪ್ಲೇಟು ಒರೆಸುವುದು ಕಲಿ. ಎಲ್‌ಪಿಗೆ ಸ್ಪಿರಿಟ್ ಹಚ್ಚಿ ಒರೆಸುವ ರೂಢಿ ನನಗೆ. ಅದೇ ಹತ್ತಿಯನ್ನು ಅಪ್ಪನ ಕಾಳಿಂಗರಾಯರ ಪ್ಲೇಟಿನ ಮೇಲೆ ಆಡಿಸಿದೆ. ಹತ್ತಿ ಕರ್ರಗಾಯಿತು. ಎಷ್ಟು ಧೂಳು ಅಂತ ಇನ್ನೂ ಒತ್ತಿ ಉಜ್ಜಿದೆ. ಧೂಳಲ್ರೀ ಅದು, ಪ್ಲೇಟೇ! ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಆ ಬದಿಯ ಗೆರೆಗಳು ಕನ್ನಡಿಯಂತೆ ನುಣ್ಣಗಾದವು. ಈಗ ಹಾಕಿದರೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತದೆ. ಅಪ್ಪ ಇದ್ದಿದ್ದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ.

ಜರ್ಸಿಯಿಂದ_ಮೈಸೂರಿಗೆ
ಎಲ್‌ಪಿಗೂ ಸ್ಪಿರಿಟ್ ಯಾಕೆ ಸರ್? ಡಿಸ್ಟಿಲ್ಡ್ ವಾಟರ್, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು.

ಮಾಳಮಡ್ಡಿ_ಮಾಮಾ
40 ವರ್ಷದಿಂದ ಹಚ್ಚುತ್ತಿದ್ದೇನೆ. ಎಲ್‌ಪಿಗೆ ಏನೂ ಆಗಿಲ್ಲ. ನಿಮ್ಮ ಅಮೆರಿಕದ ಬುದ್ಧಿ ನಿಮ್ಮ ಪುಲ್ಲಿಗಿರಲಿ.

ಹುಬ್ಬಳ್ಳಿ_ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಒಂದೇ ಪ್ರಶ್ನೆ. ಇವುಗಳಲ್ಲಿ ಯಾವುದು ಅರಗಿನ ಪ್ಲೇಟಿಗೆ ಬೇಕಾದ 78ರ ವೇಗದಲ್ಲಿ (ನಿಮಿಷಕ್ಕೆ 78 ಸುತ್ತು) ತಿರುಗುತ್ತದೆ?

ಕುಡ್ಲದ_ಕ್ವಾರ್ಟ್ಜ್
ಮಾರ್ಕ್ 2ರಲ್ಲಿ 33, 45 ಮಾತ್ರ. ಅರಗಿನ ಪ್ಲೇಟು ಇದೆ ಅಂತ ಮೊದಲೇ ಹೇಳಬಾರದಿತ್ತಾ ಮಾರಾಯ್ರೆ?

ಹುಬ್ಬಳ್ಳಿ_ಹುಡುಗ
ಶುರುವಿನಲ್ಲೇ ಬರೆದಿದ್ದೆನಲ್ಲ ಸರ್.

ಜರ್ಸಿಯಿಂದ_ಮೈಸೂರಿಗೆ
ನನ್ನ ಟಿಡಿ 160ರಲ್ಲೂ 78 ಇಲ್ಲ. 401ರಲ್ಲಿ ಮೂರೂ ಇದೆ. ಆದರೆ ಎಲ್‌ಪಿ ಮುಳ್ಳಿನಲ್ಲಿ 78 ಹಾಕಬೇಡಿ. ಆ ಗೆರೆ ತುಂಬಾ ಅಗಲ, ಮುಳ್ಳು ತಳಕ್ಕೆ ಹೋಗಿ ಕಸ ಗೀಚುತ್ತದೆ. ಮೂರು ಮಿಲ್‌ನ (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ) ಬೇರೆ ಮುಳ್ಳು ತೊಗೊಳ್ಳಿ. ಆರ್ಮ್, ಪೆಟ್ಟಿಗೆ, ಮುಳ್ಳಿನ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಫೋನೋ ಪ್ರೀಆಂಪ್ ಸೇರಿದರೆ ನಿಮ್ಮ 60 ಸಾವಿರ ಸಾಲಲ್ಲ.

ಮಾಳಮಡ್ಡಿ_ಮಾಮಾ
ಆ ಫಿಯೆಸ್ಟಾ ನನ್ನ ಹತ್ತಿರ ತೊಗೊಂಡು ಬಾ. ಅದರಲ್ಲಿ 78 ಇದೆ. ಹುಬ್ಬಳ್ಳಿಯಿಂದ ಧಾರವಾಡ ಏನು ದೂರ? ಕಾಳಿಂಗರಾಯರನ್ನೂ ತಾ.

ಹುಬ್ಬಳ್ಳಿ_ಹುಡುಗ
ಬರುತ್ತೇನೆ ಮಾಮಾ. ಸ್ಪಿರಿಟ್ ಬಾಟಲಿ ಮಾತ್ರ ಎತ್ತಿಟ್ಟಿರಿ.

ಮಲ್ಲೇಶ್ವರದ_ಮುಳ್ಳು
ಹಾಗಾದರೆ ಆ 401 ನಿಮಗೆ ಬೇಡ ಅಂತಾಯಿತು, ಅಲ್ವಾ? ಮಾರುವವರ ನಂಬರ್ ನನಗೆ ಮೆಸೇಜ್ ಮಾಡಿ. ಇಲ್ಲಿ ಹಾಕಬೇಡಿ.